ದೇವತೆಗಳ ಮಕ್ಕಳ ಯುದ್ಧ: ಕುರುಕ್ಷೇತ್ರದಲ್ಲಿ ಅಪ್ಪಂದಿರು ಯಾರ ಪರ ಇದ್ದರು?

ನದಿದಂಡೆ:

ಕುರುಕ್ಷೇತ್ರ ಅಂದರೆ ದಾಯಾದಿಗಳ ಜಗಳ ಅಂತಲೇ ನಾವು ಓದಿಕೊಂಡು ಬಂದಿದ್ದೇವೆ. ರಾಜ್ಯದ ಪಾಲು, ಪಗಡೆಯಾಟ, ತುಂಬಿದ ಸಭೆಯಲ್ಲಿ ದ್ರೌಪದಿಗೆ ಆದ ಅವಮಾನ, ಕೊನೆಗೆ 18 ದಿನಗಳ ಯುದ್ಧ. ಅದು ಸರಿಯೇ. ಆದರೆ ಅಲ್ಲಿ ನಿಂತವರ ಅಪ್ಪಂದಿರ ಹೆಸರನ್ನು ಒಂದು ಸಲ ಜೋಡಿಸಿ ನೋಡಿ. ಧರ್ಮರಾಯ ಯಮಧರ್ಮನ ಮಗ. ಭೀಮ ವಾಯುವಿನ ಮಗ. ಅರ್ಜುನ ಇಂದ್ರನ ಮಗ. ನಕುಲ, ಸಹದೇವರು ಅಶ್ವಿನಿ ದೇವತೆಗಳ ಮಕ್ಕಳು. ಎದುರಿಗೆ ಸೂರ್ಯನ ಮಗ ಕರ್ಣ. ಅವನ ಪಕ್ಕದಲ್ಲಿ ಶಾಪ ಹೊತ್ತು ಭೂಮಿಗೆ ಬಂದ ವಸು (ಎಂಟು ವಸು ದೇವತೆಗಳಲ್ಲಿ ಒಬ್ಬ), ನಮ್ಮ ಭೀಷ್ಮ.

ಈ ಅಪ್ಪಂದಿರು ಸುಮ್ನೆ ಮೇಲೆ ಕೂತು ನೋಡಲಿಲ್ಲ. ಅದರಲ್ಲೂ ಇಂದ್ರ ಮತ್ತು ಸೂರ್ಯ ಮೊದಲಿನಿಂದಲೂ ಎದುರುಬದುರು. ಆದಿಪರ್ವದಲ್ಲಿ ರಾಜಕುಮಾರರ ಶಸ್ತ್ರವಿದ್ಯೆಯ ಪ್ರದರ್ಶನ ನಡೆಯುವ ಕಡೆ ನೋಡಿ. ಅರ್ಜುನ ತನ್ನ ಕೈಚಳಕ ತೋರಿಸಿ ನಿಂತಿದ್ದಾನೆ. ಕರ್ಣ ರಂಗಕ್ಕೆ ಬರುತ್ತಾನೆ, ಸವಾಲು ಹಾಕುತ್ತಾನೆ. ತಕ್ಷಣ ಆಕಾಶದಲ್ಲಿ ಮೋಡ ಕವಿಯುತ್ತದೆ. ಮಿಂಚು, ಕಾಮನಬಿಲ್ಲು, ಬೆಳ್ಳಕ್ಕಿ ಸಾಲು. ಇಂದ್ರ ಮಗನ ಮೇಲೆ ನೆರಳು ಹಿಡಿದಿದ್ದಾನೆ. ಅದೇ ಹೊತ್ತಿಗೆ ಸೂರ್ಯ ತನ್ನ ಮಗನ ಮೇಲಿನ ಮೋಡವನ್ನು ಸರಿಸುತ್ತಾನೆ. ಒಂದೇ ಅಂಗಳದಲ್ಲಿ ಅರ್ಜುನ ಮೋಡದ ನೆರಳಲ್ಲಿ, ಕರ್ಣ ಬಿಸಿಲಲ್ಲಿ. ಕುಂತಿ ಅಲ್ಲೇ ಎಚ್ಚರ ತಪ್ಪಿ ಬೀಳುತ್ತಾಳೆ. ಇಬ್ಬರೂ ತನ್ನ ಮಕ್ಕಳು ಅಂತ ಆ ಗುಂಪಿನಲ್ಲಿ ಅವಳಿಗೆ ಮಾತ್ರ ಗೊತ್ತಿತ್ತು, ಅಲ್ವಾ.

ಆಮೇಲೆ ವನಪರ್ವದಲ್ಲಿ ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಕವಚ ಕುಂಡಲ ಕೇಳುತ್ತಾನೆ. ಸೂರ್ಯ ಮೊದಲೇ ಕನಸಿನಲ್ಲಿ ಬಂದು, ಕೊಡಬೇಡ ಮಗನೇ ಅಂತ ಎಚ್ಚರಿಸಿದ್ದ. ಕರ್ಣ ಕೇಳಲಿಲ್ಲ. ಮೈಗೆ ಅಂಟಿ ಹುಟ್ಟಿದ್ದನ್ನು ಕೊಯ್ದು ಕೊಟ್ಟ. ಇಷ್ಟೆಲ್ಲ ಆದ ಮೇಲೂ 17ನೇ ದಿನದ ಕರ್ಣಾರ್ಜುನರ ಕಾಳಗವನ್ನು ಬರೀ ಇಬ್ಬರು ಬಿಲ್ಲುಗಾರರ ಕಾಳಗ ಅನ್ನೋದು ಹೇಗೆ? ಬಲ್ಲವರು ಹೇಳಿ.

ಪರ್ವ ಓದುಗ:

ಒಳ್ಳೆಯ ವಿಷಯ ಎತ್ತಿದ್ದೀರಿ. ಆದರೆ ಮಕ್ಕಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಅರ್ಧ ಸೈನ್ಯ ಹೊರಗೆ ಉಳಿಯುತ್ತದೆ. ಆದಿಪರ್ವದಲ್ಲಿ ಯಾರು ಯಾರ ಅಂಶ ಅಂತ ದೊಡ್ಡ ಪಟ್ಟಿಯೇ ಇದೆ. ದ್ರೋಣ ಬೃಹಸ್ಪತಿಯ ಅಂಶ. ಕೃಪ ರುದ್ರರ ಗಣದವನು. ಸಾತ್ಯಕಿ ಮರುತ್ತುಗಳ ಅಂಶ. ಧೃಷ್ಟದ್ಯುಮ್ನ ಅಗ್ನಿಯ ಅಂಶ. ಆ ಕಡೆ ದುರ್ಯೋಧನ ಕಲಿಯ ಅಂಶ, ಶಕುನಿ ದ್ವಾಪರನ ಅಂಶ. ದುರ್ಯೋಧನನ ತಮ್ಮಂದಿರೆಲ್ಲ ಪುಲಸ್ತ್ಯನ ವಂಶದ ರಾಕ್ಷಸರು. ಯುದ್ಧಕ್ಕೆ ಮೊದಲೇ ಸತ್ತ ಜರಾಸಂಧ, ಶಿಶುಪಾಲರೂ ಪಟ್ಟಿಯಲ್ಲಿದ್ದಾರೆ. ಒಬ್ಬ ವಿಪ್ರಚಿತ್ತಿ ಅನ್ನುವ ದಾನವ, ಇನ್ನೊಬ್ಬ ಹಿರಣ್ಯಕಶಿಪು.

ಹಾಗಾಗಿ ನನ್ನ ಪ್ರಕಾರ ಇದು ಹಳೇ ದೇವಾಸುರ ಯುದ್ಧದ ಮುಂದುವರಿದ ಭಾಗ. ಇದಕ್ಕೆ ವನಪರ್ವದಲ್ಲೇ ಆಧಾರ ಇದೆ. ಗಂಧರ್ವರ ಕೈಲಿ ಸೆರೆ ಸಿಕ್ಕು, ಪಾಂಡವರಿಂದಲೇ ಬಿಡುಗಡೆಯಾದ ದುರ್ಯೋಧನ ನಾಚಿಕೆಯಿಂದ ಉಪವಾಸ ಕೂತು ಸಾಯಲು ಹೊರಡುತ್ತಾನೆ. ಆಗ ದಾನವರು ಅವನನ್ನು ಪಾತಾಳಕ್ಕೆ ಕರೆಸಿಕೊಳ್ಳುತ್ತಾರೆ. ನಿನ್ನನ್ನು ಪಡೆದದ್ದೇ ನಮ್ಮ ತಪಸ್ಸಿನಿಂದ ಅನ್ನುತ್ತಾರೆ. ನಿನ್ನ ಮೈಯ ಮೇಲರ್ಧ ವಜ್ರದ್ದು, ಕೆಳಗಿನದ್ದು ಹೂವಿನದ್ದು ಅನ್ನುತ್ತಾರೆ. ಭೀಷ್ಮ, ದ್ರೋಣ, ಕೃಪರ ಒಳಗೆ ನಮ್ಮವರು ಸೇರಿಕೊಳ್ಳುತ್ತಾರೆ, ಅವರು ನೆಂಟಸ್ತಿಕೆ ಮರೆತು ಹೊಡೆದಾಡುತ್ತಾರೆ ಅಂತ ಧೈರ್ಯ ತುಂಬುತ್ತಾರೆ. ಕರ್ಣನೊಳಗೆ ನರಕಾಸುರನ ಆತ್ಮ ಇದೆ, ಅವನು ಕೃಷ್ಣಾರ್ಜುನರ ಮೇಲೆ ಹಗೆ ತೀರಿಸಿಕೊಳ್ಳುತ್ತಾನೆ ಅಂತಲೂ ಹೇಳುತ್ತಾರೆ.

ಅಂದರೆ ಕರ್ಣ ಒಬ್ಬನೇ ಎರಡೂ ಕಡೆಯವನು. ಹುಟ್ಟಿನಿಂದ ಸೂರ್ಯನ ಮಗ, ಒಳಗೆ ನರಕ. ಇದನ್ನು ಬಿಟ್ಟು ಬರೀ ಇಂದ್ರ ಸೂರ್ಯರ ಪೈಪೋಟಿ ಅಂದರೆ ಕಥೆ ಸಣ್ಣದಾಗುತ್ತದೆ.

ಆನೆಗೊಂದಿಯವಳು:

ಸಣ್ಣದಾಗೋದಿಲ್ಲ ಸರ್. ಇಂದ್ರ ಸೂರ್ಯರ ಪೈಪೋಟಿ ಕುರುಕ್ಷೇತ್ರಕ್ಕೂ ಹಿಂದಿನದು, ಅದರ ಮೊದಲ ಪಂದ್ಯ ನಡೆದದ್ದು ನಮ್ಮೂರು ಆನೆಗೊಂದಿಯ ಸುತ್ತಮುತ್ತ, ಅಂದರೆ ಕಿಷ್ಕಿಂಧೆಯಲ್ಲಿ ಅಂತ ನಾವು ನಂಬಿಕೊಂಡು ಬೆಳೆದವರು.

ರಾಮಾಯಣದಲ್ಲಿ ರಾಮ ಹುಟ್ಟುವ ಹೊತ್ತಿಗೆ ಬ್ರಹ್ಮ ದೇವತೆಗಳಿಗೆ ಹೇಳುತ್ತಾನೆ, ವಾನರ ರೂಪದಲ್ಲಿ ಮಕ್ಕಳನ್ನು ಪಡೆಯಿರಿ ಅಂತ. ಇಂದ್ರನಿಗೆ ವಾಲಿ. ಸೂರ್ಯನಿಗೆ ಸುಗ್ರೀವ. ವಾಯುವಿಗೆ ಹನುಮಂತ. ಅಗ್ನಿಗೆ ನೀಲ. ವಿಶ್ವಕರ್ಮನಿಗೆ ನಳ. ಅಶ್ವಿನಿ ದೇವತೆಗಳಿಗೆ ಮೈಂದ, ದ್ವಿವಿದ. ಕಿಷ್ಕಿಂಧೆಯ ಸೈನ್ಯ ಅಂದರೆ ಪೂರ್ತಿ ದೇವತೆಗಳ ಮಕ್ಕಳ ಸೈನ್ಯ. ಅಲ್ಲೂ ಇಂದ್ರನ ಮಗ, ಸೂರ್ಯನ ಮಗ ಒಂದೇ ತಾಯಿಯ ಮಕ್ಕಳಾಗಿ ಹುಟ್ಟಿ ಬಡಿದಾಡಿದರು.

ಆಗ ವಿಷ್ಣು ಸೂರ್ಯನ ಮಗನ ಕಡೆ. ಸತ್ತವನು ಇಂದ್ರನ ಮಗ. ಕುರುಕ್ಷೇತ್ರದಲ್ಲಿ ವಿಷ್ಣು ಇಂದ್ರನ ಮಗನ ಕಡೆ. ಸತ್ತವನು ಸೂರ್ಯನ ಮಗ. ಹಿರಿಯರು ಇದನ್ನು ಸಾಲ ತೀರಿದ ಲೆಕ್ಕ ಅನ್ನುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಕಾಡುವುದು ಎರಡೂ ಸಾವು ಎಷ್ಟು ಒಂದೇ ಥರ ಇವೆ ಅನ್ನೋದು. ವಾಲಿ ಇನ್ನೊಬ್ಬನ ಜೊತೆ ಸೆಣಸುವಾಗ ಮರೆಯಿಂದ ಬಾಣ ಬಂತು. ಕರ್ಣ ರಥದ ಗಾಲಿ ಎತ್ತುವಾಗ ಬಾಣ ಬಂತು. ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ, ಇದು ಧರ್ಮವಾ? ಇಬ್ಬರಿಗೂ ಸಿಕ್ಕಿದ್ದು ಒಂದೇ ಥರದ ಉತ್ತರ. ರಾಮ ಹೇಳಿದ್ದು, ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡಾಗ ನಿನ್ನ ಧರ್ಮ ಎಲ್ಲಿತ್ತು ಅಂತ. ಕೃಷ್ಣ ಹೇಳಿದ್ದು, ದ್ರೌಪದಿಯನ್ನು ಸಭೆಗೆ ಎಳೆತಂದಾಗ, ಅಭಿಮನ್ಯುವನ್ನು ಸುತ್ತುವರಿದು ಕೊಂದಾಗ ನಿನ್ನ ಧರ್ಮ ಎಲ್ಲಿತ್ತು ಅಂತ.

ಅಪ್ಪಂದಿರು ಕೊಟ್ಟ ವಸ್ತುಗಳನ್ನೂ ನೋಡಿ. ಇಂದ್ರ ವಾಲಿಗೆ ಚಿನ್ನದ ಮಾಲೆ ಕೊಟ್ಟಿದ್ದ. ಬಾಣ ನೆಟ್ಟ ಮೇಲೂ ಅವನ ಜೀವ ಹಿಡಿದು ನಿಲ್ಲಿಸಿದ್ದು ಆ ಮಾಲೆ. ಸುಗ್ರೀವನ ಕೊರಳಲ್ಲಿ ಇದ್ದದ್ದು ಗಜಪುಷ್ಪಿ ಬಳ್ಳಿ ಮಾತ್ರ. ಅಣ್ಣ ತಮ್ಮಂದಿರ ಗುರುತು ಸಿಗದೆ ಮೊದಲ ಸಲ ರಾಮ ಬಾಣ ಬಿಡಲಿಲ್ಲ, ಅದಕ್ಕೇ ಎರಡನೇ ಸಲ ಲಕ್ಷ್ಮಣ ಕಟ್ಟಿದ ಬಳ್ಳಿ ಅದು. ಸಾಯುವಾಗ ವಾಲಿ ತನ್ನ ಮಾಲೆಯನ್ನು ತೆಗೆದು ತಮ್ಮನಿಗೇ ಕೊಟ್ಟ. ಇಂದ್ರನ ಉಡುಗೊರೆ ಸೂರ್ಯನ ಮಗನ ಕೊರಳಿಗೆ ಹೋಯಿತು. ಮುಂದಿನ ಯುಗದಲ್ಲಿ ಸೂರ್ಯನ ಉಡುಗೊರೆ ಇಂದ್ರನ ಕೈಗೆ ಹೋಯಿತು. ಒಬ್ಬ ಮನಸಾರೆ ಕೊಟ್ಟ. ಇನ್ನೊಬ್ಬನಿಂದ ಬೇಡಿ ಪಡೆದರು.

ಹಂಪಿಯ ಹತ್ತಿರ ನಿಂಬಾಪುರದಲ್ಲಿ ಒಂದು ಬೂದಿ ದಿಬ್ಬ ಇದೆ. ವಾಲಿಯನ್ನು ಸುಟ್ಟ ಜಾಗ ಅಂತ ಜನ ತೋರಿಸುತ್ತಾರೆ. ಪುರಾತತ್ವದವರು ಅದನ್ನು ನವಶಿಲಾಯುಗದ ಬೂದಿ ದಿಬ್ಬಗಳ ಸಾಲಿಗೆ ಸೇರಿಸುತ್ತಾರೆ, ಸಗಣಿ ಸುಟ್ಟು ಆದದ್ದು ಅಂತ. ಎರಡೂ ಮಾತು ಕೇಳಿಕೊಂಡೇ ನಮ್ಮ ಕಡೆಯವರು ಅಲ್ಲಿ ಕೈ ಮುಗಿಯುತ್ತಾರೆ. ಮಾತಂಗ ಪರ್ವತ ಹತ್ತಿದರೆ ಅಣ್ಣನಿಗೆ ಹೆದರಿ ಸುಗ್ರೀವ ಯಾಕೆ ಈ ಕಡೆಯೇ ಅಡಗಿದ ಅಂತ ಅರ್ಥವಾಗುತ್ತದೆ. ಮತಂಗ ಮುನಿಯ ಶಾಪದಿಂದ ವಾಲಿ ಈ ಕಡೆ ಕಾಲಿಡುವ ಹಾಗಿರಲಿಲ್ಲ.

ಚೆಂಡೆಮದ್ದಳೆ:

ಅಕ್ಕ, ಆ ಮಾಲೆಯ ಮಾತು ಚೆನ್ನಾಗಿ ಹೇಳಿದಿರಿ. ತಾಳಮದ್ದಳೆಯಲ್ಲಿ ವಾಲಿವಧೆ, ಕರ್ಣಪರ್ವ ಎರಡನ್ನೂ ಎಷ್ಟೋ ಸಲ ಕೇಳಿದ್ದೇನೆ. ವಾಲಿ ಮತ್ತು ಕರ್ಣನ ಅರ್ಥ ಹೇಳುವವರು ಒಳ್ಳೆಯವರಾದರೆ ರಾಮನಿಗೂ ಕೃಷ್ಣನಿಗೂ ಉತ್ತರ ಕೊಡುವುದು ಕಷ್ಟ ಮಾರಾಯ್ರೆ. ಸಭೆ ಸೋತವನ ಕಡೆಗೇ ವಾಲುತ್ತದೆ.

ಮೂಲದ ಕರ್ಣಪರ್ವದಲ್ಲಿ ಇನ್ನೊಂದು ಭಾಗ ಇದೆ, ಅದನ್ನು ಯಾರೂ ಬಿಡಬಾರದು. ಕೊನೆಯ ಕಾಳಗಕ್ಕೆ ಇಬ್ಬರೂ ಎದುರಾದಾಗ ಇಡೀ ಸೃಷ್ಟಿ ಎರಡು ಪಾಲಾಗುತ್ತದೆ. ಆಕಾಶ ನಕ್ಷತ್ರಗಳ ಸಮೇತ ಕರ್ಣನ ಕಡೆ. ಭೂಮಿ ಅರ್ಜುನನ ಕಡೆ. ನದಿ, ಸಮುದ್ರ, ಬೆಟ್ಟ, ಮರಗಳು ಅರ್ಜುನನ ಕಡೆ. ಅಸುರರು, ಕುಬೇರನ ಸೇವಕರಾದ ಗುಹ್ಯಕರು ಕರ್ಣನ ಕಡೆ. ವಸುಗಳು, ಮರುತ್ತುಗಳು, ರುದ್ರರು, ಅಶ್ವಿನಿಗಳು ಅರ್ಜುನನ ಕಡೆ ಹೋದರೂ ಆದಿತ್ಯರು ಕರ್ಣನ ಕಡೆ ನಿಲ್ಲುತ್ತಾರೆ. ಮನುಷ್ಯರಲ್ಲಿ ವೈಶ್ಯರು, ಶೂದ್ರರು, ಸೂತರು, ಬೆರಕೆ ಕುಲದವರು ಕರ್ಣನ ಕಡೆ. ಆ ಸಾಲು ಓದುವಾಗ ನನಗೆ ಮೈ ಜುಂ ಅನ್ನುತ್ತದೆ. ಸೂತಪುತ್ರ ಅಂತ ಬದುಕಿಡೀ ಬೈಸಿಕೊಂಡವನ ಬೆನ್ನಿಗೆ ಯಾರು ನಿಂತರು ಅಂತ ಕವಿ ಮರೆಯದೆ ಬರೆದಿಟ್ಟಿದ್ದಾನೆ.

ಮೇಲೆ ಇಂದ್ರ, ಸೂರ್ಯ ನೇರವಾಗಿ ಜಗಳಕ್ಕೆ ಇಳಿಯುತ್ತಾರೆ. ನನ್ನ ಮಗ ಗೆಲ್ಲಲಿ ಅಂತ ಇವನು, ನನ್ನ ಮಗ ಗೆಲ್ಲಲಿ ಅಂತ ಅವನು. ಕೊನೆಗೆ ದೇವತೆಗಳು ಬ್ರಹ್ಮನ ಹತ್ತಿರ ಹೋಗುತ್ತಾರೆ, ತೀರ್ಪು ಅರ್ಜುನನ ಕಡೆ ಆಗುತ್ತದೆ. ಬಾಣ ಬಿಡುವ ಮೊದಲೇ ತೀರ್ಪು!

ನದಿದಂಡೆ:

ಅದೇ ಕಾಳಗದ ಸರ್ಪಾಸ್ತ್ರವನ್ನು ಇದಕ್ಕೆ ಸೇರಿಸಿ. ಕರ್ಣನ ಬಾಣದಲ್ಲಿ ಕೂತು ಬಂದ ಅಶ್ವಸೇನ ಯಾರು? ನಾಗರಾಜ ತಕ್ಷಕನ ಮಗ. ಖಾಂಡವ ವನ ಸುಡುವಾಗ ಅವನ ತಾಯಿ ಮಗನನ್ನು ನುಂಗಿಕೊಂಡು ಹಾರಿದಳು. ಅರ್ಜುನ ಅವಳ ತಲೆ ಕತ್ತರಿಸಿದ. ಆಗ ಇಂದ್ರ ಗಾಳಿ ಎಬ್ಬಿಸಿ ಅರ್ಜುನನಿಗೆ ಮಂಕು ಕವಿಸಿದ. ಮರಿಹಾವು ತಪ್ಪಿಸಿಕೊಂಡಿತು. ತಕ್ಷಕ ಇಂದ್ರನ ಗೆಳೆಯ, ಅದಕ್ಕೆ ಈ ಸಹಾಯ. ಅವತ್ತು ಇಂದ್ರ ಅರ್ಜುನರು, ಅಪ್ಪ ಮಗ, ಎದುರೆದುರು ನಿಂತು ಯುದ್ಧವನ್ನೇ ಮಾಡಿದರು. ಅಪ್ಪ ಮಳೆ ಸುರಿಸಿದ, ಮಗ ಬಾಣದಲ್ಲಿ ತಡೆದ.

ಅಂದು ಇಂದ್ರ ಉಳಿಸಿದ ಹಾವೇ ಮುಂದೆ ಇಂದ್ರನ ಮಗನ ಕೊರಳಿಗೆ ಬಂತು. ಕೃಷ್ಣ ರಥವನ್ನು ಕೆಳಗೆ ಅದುಮಿದ, ಕುದುರೆಗಳು ಮಂಡಿಯೂರಿದವು, ಬಾಣ ಕಿರೀಟಕ್ಕೆ ತಗುಲಿತು. ಆ ಕಿರೀಟವೂ ಇಂದ್ರ ಕೊಟ್ಟದ್ದೇ. ಅದು ಸುಟ್ಟು ಬಿತ್ತು, ತಲೆ ಉಳಿಯಿತು.

ಪರ್ವ ಓದುಗ:

ಅಶ್ವಸೇನನ ಈ ಸಂಬಂಧ ಒಪ್ಪುತ್ತೇನೆ. ಆದರೆ ಬಣದ ಮಾತಿಗೆ ಒಂದು ತೊಡಕು ಇದೆ. ಯಮ ಯಾರ ಮಗ? ಸೂರ್ಯನ ಮಗ. ಅಶ್ವಿನಿ ದೇವತೆಗಳು ಯಾರ ಮಕ್ಕಳು? ಅವರೂ ಸೂರ್ಯನ ಮಕ್ಕಳೇ, ಸೂರ್ಯನ ಹೆಂಡತಿ ಸಂಜ್ಞೆ ಕುದುರೆಯ ರೂಪದಲ್ಲಿದ್ದಾಗ ಹುಟ್ಟಿದವರು. ಧರ್ಮರಾಯನ ತಂದೆ ಯಮನೇ ಅಂತ ತೆಗೆದುಕೊಂಡರೆ ಧರ್ಮರಾಯ, ನಕುಲ, ಸಹದೇವ ಮೂವರೂ ಸೂರ್ಯನ ಮೊಮ್ಮಕ್ಕಳು. ಐವರಲ್ಲಿ ಮೂವರು! ಧರ್ಮರಾಯನಿಗಂತೂ ಕರ್ಣ ತಾಯಿಯ ಕಡೆಯಿಂದ ಅಣ್ಣ, ತಂದೆಯ ಕಡೆಯಿಂದ ಚಿಕ್ಕಪ್ಪನ ಸಮಾನ.

ಈಗ ಯುದ್ಧದಲ್ಲಿ ಏನಾಯಿತು ನೋಡಿ. 14ನೇ ದಿನ ಕರ್ಣ ಭೀಮನನ್ನು ಸೋಲಿಸಿ ಬಿಲ್ಲಿನ ತುದಿಯಿಂದ ಮುಟ್ಟಿ ಬಿಟ್ಟ. ಅದೇ ರಾತ್ರಿಯ ಯುದ್ಧದಲ್ಲಿ ಸಹದೇವನನ್ನು ಬಿಟ್ಟ. 16ನೇ ದಿನ ನಕುಲನ ಕೊರಳಿಗೆ ಬಿಲ್ಲು ತೊಡಿಸಿ ಬಿಟ್ಟ. 17ನೇ ದಿನ ಧರ್ಮರಾಯನನ್ನು ಬಿಟ್ಟ. ಅರ್ಜುನನನ್ನು ಬಿಟ್ಟು ಬೇರೆ ಪಾಂಡವರನ್ನು ಕೊಲ್ಲುವುದಿಲ್ಲ ಅಂತ ಕುಂತಿಗೆ ಕೊಟ್ಟ ಮಾತು ಅದಕ್ಕೆ ಕಾರಣ, ಸರಿ. ಬಾಯಲ್ಲಿ ಚುಚ್ಚಿ ಮಾತಾಡಿದ, ಕೈ ಮಾತ್ರ ತಡೆದ. ಹೀಗಿರುವಾಗ ಸೂರ್ಯನ ಬಣ, ಇಂದ್ರನ ಬಣ ಅಂತ ಗೆರೆ ಎಳೆಯುವುದು ಎಲ್ಲಿ?

ಆನೆಗೊಂದಿಯವಳು:

ಗೆರೆ ಇರೋದು ಅರ್ಜುನ ಕರ್ಣರ ನಡುವೆ ಮಾತ್ರ ಸರ್. ಮಾತು ಕೊಡುವಾಗಲೂ ಕರ್ಣ ಅರ್ಜುನನನ್ನು ಮಾತ್ರ ಹೊರಗಿಟ್ಟ. ನಿನಗೆ ಐದು ಮಕ್ಕಳು ಉಳಿಯುತ್ತಾರೆ, ಅವನಿಲ್ಲದಿದ್ದರೆ ನಾನು, ನಾನಿಲ್ಲದಿದ್ದರೆ ಅವನು ಅಂತ.

ಕಾಡುಮಲ್ಲಿಗೆ:

ಎಲ್ಲರೂ ಇಂದ್ರ, ಸೂರ್ಯ ಅನ್ನುತ್ತಿದ್ದೀರಿ. ನನಗೆ ಈ ಅಪ್ಪಂದಿರಲ್ಲಿ ಮರೆಯಲಾಗದವನು ಚಂದ್ರ. ಅಭಿಮನ್ಯು ಚಂದ್ರನ ಮಗ ವರ್ಚಸ್ ಅನ್ನುವವನ ಅವತಾರ ಅಂತ ಆದಿಪರ್ವ ಹೇಳುತ್ತದೆ. ಭೂಮಿಗೆ ಮಕ್ಕಳನ್ನು ಕಳಿಸಬೇಕು ಅಂದಾಗ ಚಂದ್ರ ಒಂದು ಷರತ್ತು ಹಾಕಿದ. ನನಗೆ ಪ್ರಾಣಕ್ಕಿಂತ ಹೆಚ್ಚಿನ ಮಗ ಇವನು, ಕಳಿಸುತ್ತೇನೆ, ಆದರೆ ಅಲ್ಲಿ ಜಾಸ್ತಿ ದಿನ ಇರಕೂಡದು. 16 ವರ್ಷ ಮಾತ್ರ. ಆಮೇಲೆ ನನ್ನ ಹತ್ತಿರ ವಾಪಸ್ ಬರಬೇಕು. ಅವನಿಗೆ ಹುಟ್ಟುವ ಮಗ ಕುರುವಂಶ ಉಳಿಸುತ್ತಾನೆ.

ಚಕ್ರವ್ಯೂಹದ ಕಥೆ ಕೇಳುವಾಗ ನಾವು ಸುಭದ್ರೆಗೆ, ಉತ್ತರೆಗೆ ಅಳುತ್ತೇವೆ. ಮಗ ಮನೆಗೆ ಬರುವ ದಿನಕ್ಕೆ ಕಾಯುತ್ತಿದ್ದ ಇನ್ನೊಬ್ಬ ಅಪ್ಪ ಮೇಲೆ ಇದ್ದ ಅನ್ನೋದು ಗೊತ್ತಾದಾಗ ನನಗೆ ಆ ಕಥೆ ಬೇರೆಯೇ ಆಯಿತು. ಸಮಾಧಾನ ಆಯಿತು ಅಂತ ಹೇಳಲಾರೆ. ಅರ್ಜುನನಿಗೆ ಈ ಷರತ್ತಿನ ವಿಷಯ ಯಾರೂ ಹೇಳಲಿಲ್ಲವಲ್ಲ.

ದ್ರೌಪದಿಯ ಐದು ಮಕ್ಕಳದ್ದು ಇನ್ನೂ ಸಂಕಟ. ಅವರು ವಿಶ್ವೇದೇವರು ಅನ್ನುವ ದೇವಗಣದವರು. ಮಾರ್ಕಂಡೇಯ ಪುರಾಣದ ಪ್ರಕಾರ ಹರಿಶ್ಚಂದ್ರನಿಗೆ ವಿಶ್ವಾಮಿತ್ರ ಕೊಟ್ಟ ಹಿಂಸೆ ನೋಡಲಾರದೆ ಅವರು ಎದುರು ಮಾತಾಡಿದರು. ಅದಕ್ಕೆ ಶಾಪ ಬಿತ್ತು, ಮನುಷ್ಯರಾಗಿ ಹುಟ್ಟಿ, ಮದುವೆ ಮಕ್ಕಳು ಇಲ್ಲದೆ ಸಾಯಿರಿ ಅಂತ. ಯುದ್ಧ ಮುಗಿದ ರಾತ್ರಿ ಮಲಗಿದ್ದಲ್ಲೇ ಅವರನ್ನು ಕೊಂದವನು ಅಶ್ವತ್ಥಾಮ, ಶಿವನ ಅಂಶ ಇದ್ದವನು. ಆ ರಾತ್ರಿ ಶಿವನೇ ಅವನಿಗೆ ಕತ್ತಿ ಕೊಟ್ಟು ಮೈಯೊಳಗೆ ಸೇರಿಕೊಂಡ. ಯಾರಿಗೋ ಅನ್ಯಾಯ ಆಗುತ್ತಿದೆ ಅಂತ ಬಾಯಿಬಿಟ್ಟದ್ದೇ ಈ ಮಕ್ಕಳ ತಪ್ಪು. ಇದನ್ನು ನಾನು ಯಾವ ಲೆಕ್ಕಕ್ಕೂ ಹಾಕಿ ಒಪ್ಪಲಾರೆ.

ಚೆಂಡೆಮದ್ದಳೆ:

ವಸುಗಳ ಸೇಡು ಯಾರೂ ಹೇಳಲಿಲ್ಲ. ಭೀಷ್ಮ ಬಿದ್ದದ್ದು ಶಿಖಂಡಿಯನ್ನು ಮುಂದಿಟ್ಟುಕೊಂಡು ಹೊಡೆದ ಬಾಣಕ್ಕೆ. ತಮ್ಮವನನ್ನು ಹೀಗೆ ಬೀಳಿಸಿದ್ದಕ್ಕೆ ವಸುಗಳು ಗಂಗೆಯ ಒಪ್ಪಿಗೆ ಪಡೆದು ಅರ್ಜುನನಿಗೆ ಶಾಪ ಕೊಟ್ಟರು. ಅದರಂತೆ ಅಶ್ವಮೇಧದ ಕುದುರೆಯ ಹಿಂದೆ ಮಣಿಪುರಕ್ಕೆ ಹೋದಾಗ ಸ್ವಂತ ಮಗ ಬಭ್ರುವಾಹನನ ಬಾಣಕ್ಕೆ ಅರ್ಜುನ ಸತ್ತು ಬಿದ್ದ. ಅರ್ಜುನನ ನಾಗಪತ್ನಿ ಉಲೂಪಿ ಜೀವ ತರುವ ಮಣಿ ತರಿಸಿ ಬದುಕಿಸಿದಳು. ಇಂದ್ರನ ಮಗ ಗೆದ್ದ ಅಂತ ಹೇಳಿದರೂ ಸಾಲ ಅಲ್ಲಿಗೆ ಮುಗಿಯಲಿಲ್ಲ.

ನದಿದಂಡೆ:

ಎಲ್ಲರ ಮಾತು ಓದಿದ ಮೇಲೆ ನನಗೆ ಸೂರ್ಯನ ಬಗ್ಗೆ ಗೌರವ ಇನ್ನೂ ಜಾಸ್ತಿಯಾಯಿತು. ಪಾಂಡವರು ಕಾಡಿಗೆ ಹೊರಟಾಗ ಜೊತೆಗೆ ಬಂದವರಿಗೆ ಊಟ ಹಾಕುವುದು ಹೇಗೆ ಅಂತ ಧರ್ಮರಾಯ ಚಿಂತೆ ಮಾಡಿದ. ಪುರೋಹಿತ ಧೌಮ್ಯರ ಮಾತಿನಂತೆ ಸೂರ್ಯನನ್ನು ಪ್ರಾರ್ಥಿಸಿದ. ಸೂರ್ಯ ತಾಮ್ರದ ಅಕ್ಷಯಪಾತ್ರೆ ಕೊಟ್ಟ. ದ್ರೌಪದಿ ಉಣ್ಣುವ ತನಕ ಅದರಲ್ಲಿ ಅನ್ನ ಮುಗಿಯೋದಿಲ್ಲ. 12 ವರ್ಷ ಅರ್ಜುನನ ಮನೆಯವರ ಹೊಟ್ಟೆ ತುಂಬಿದ್ದು ಕರ್ಣನ ಅಪ್ಪ ಕೊಟ್ಟ ಪಾತ್ರೆಯಿಂದ. ಅದೇ ವನಪರ್ವದಲ್ಲಿ ಅರ್ಜುನನ ಅಪ್ಪ ಕರ್ಣನ ಕವಚ ಬಿಚ್ಚಿಸಿಕೊಂಡು ಹೋದ.

ಇನ್ನೊಂದು. ಗಂಗೆಯ ದಡದಲ್ಲಿ ಕುಂತಿ ಬಂದು ನೀನು ನನ್ನ ಮಗ ಅಂತ ಹೇಳಿದಾಗ ಸೂರ್ಯಮಂಡಲದಿಂದ ಮಾತು ಕೇಳಿಸುತ್ತದೆ. ತಾಯಿ ಹೇಳುವುದು ನಿಜ, ಅವಳು ಹೇಳಿದಂತೆ ಮಾಡು, ನಿನಗೆ ಒಳ್ಳೆಯದಾಗುತ್ತದೆ ಅಂತ. ಅಂದರೆ ಸೂರ್ಯನಿಗೆ ಬಣ ಕಟ್ಟುವ ಆಸೆ ಇರಲಿಲ್ಲ. ಮಗ ಪಾಂಡವರ ಜೊತೆ ಸೇರಿ ಬದುಕಿದರೆ ಸಾಕಾಗಿತ್ತು. ಕರ್ಣನೇ ಒಪ್ಪಲಿಲ್ಲ. ದುರ್ಯೋಧನನ ಅನ್ನದ ಋಣ, ಸಾಕುತಾಯಿ ರಾಧೆ ಎರೆದ ಹಾಲಿನ ಋಣ ಅವನಿಗೆ ದೊಡ್ಡದಾಯಿತು. ದೇವತೆಯ ಮಗ ತಾನು ಅಂತ ಗೊತ್ತಾದ ಮೇಲೂ ಸಾರಥಿಯ ಮಗನಾಗಿಯೇ ಉಳಿದ.

ಪರ್ವ ಓದುಗ:

ಇಂದ್ರನನ್ನು ಪೂರ್ತಿ ಕೆಟ್ಟವನಾಗಿ ನಿಲ್ಲಿಸಬೇಡಿ. ಅವನೂ ಮಗನನ್ನು ಉಳಿಸಿಕೊಳ್ಳಲು ಹೊರಟ ಅಪ್ಪ. ಕವಚಕ್ಕೆ ಬದಲಾಗಿ ತನ್ನ ಶಕ್ತ್ಯಾಯುಧ ಕೊಟ್ಟ. ಅದು ಒಂದೇ ಸಲ ಎಸೆಯಬಹುದಾದ, ಗುರಿ ತಪ್ಪದ ಆಯುಧ. ಅಂದರೆ ತನ್ನ ಮಗನನ್ನು ಕೊಲ್ಲಬಲ್ಲ ಅಸ್ತ್ರವನ್ನು ತಾನೇ ಕೊಟ್ಟು ಬಂದ. 14ನೇ ದಿನದ ರಾತ್ರಿ ಘಟೋತ್ಕಚನ ಮೇಲೆ ಅದು ಖರ್ಚಾಗದಿದ್ದರೆ ಏನಾಗುತ್ತಿತ್ತು? ಘಟೋತ್ಕಚ ವಾಯುವಿನ ಮೊಮ್ಮಗ. ಮೊಮ್ಮಗ ಸತ್ತು ಇಂದ್ರನ ಮಗ ಉಳಿದ. ಪಾಂಡವರು ಅಳುವಾಗ ಕೃಷ್ಣ ಒಬ್ಬ ಕುಣಿದ. ವಾಯು ಏನು ಅಂದುಕೊಂಡನೋ ಕವಿ ಬರೆಯಲಿಲ್ಲ. ಲಂಕೆಯಿಂದ ಕುರುಕ್ಷೇತ್ರದವರೆಗೆ ಎರಡೂ ಯುದ್ಧದಲ್ಲಿ ಗೆದ್ದವರ ಕಡೆ ತನ್ನ ಮಗನನ್ನು ನಿಲ್ಲಿಸಿದವನು ವಾಯು. ಅವನಿಗೂ ಪುಕ್ಕಟೆ ಆಗಲಿಲ್ಲ.

ಆನೆಗೊಂದಿಯವಳು:

ಒಪ್ಪಿದೆ ಸರ್. ಮೊಮ್ಮಕ್ಕಳ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ವಾಲಿ ಸತ್ತ ಮೇಲೆ ಅವನ ಮಗ ಅಂಗದನಿಗೆ ಯುವರಾಜ ಪಟ್ಟ ಕಟ್ಟಿದ್ದು ಸುಗ್ರೀವನ ಮನೆಯಲ್ಲೇ. ಇಂದ್ರನ ಮೊಮ್ಮಗ ಸೂರ್ಯನ ಮಗನ ಜೊತೆ ಲಂಕೆಗೆ ಹೋದ. ನಮ್ಮ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಕರ್ಣನ ಮಗ ವೃಷಕೇತು ಹಾಗೆಯೇ ಪಾಂಡವರ ಜೊತೆ ಇದ್ದಾನೆ. ಯಾಗದ ಕುದುರೆ ತರಲು ಭೀಮನ ಜೊತೆ ಭದ್ರಾವತಿಗೆ ಹೋಗುತ್ತಾನೆ. ಅಣ್ಣನನ್ನು ಕೊಂದೆವಲ್ಲ ಅನ್ನುವ ನೋವಿನಲ್ಲಿ ಪಾಂಡವರು ಅವನನ್ನು ತುಂಬಾ ಪ್ರೀತಿಯಿಂದ ನೋಡಿಕೊಳ್ಳುತ್ತಾರೆ. ಚೆಂಡೆಮದ್ದಳೆ ಅಣ್ಣ ಹೇಳಿದ ಬಭ್ರುವಾಹನನ ಕಾಳಗದಲ್ಲಿ ಅರ್ಜುನನ ಜೊತೆ ವೃಷಕೇತುವೂ ಸಾಯುತ್ತಾನೆ. ಮಣಿ ತಂದಾಗ ಇಬ್ಬರೂ ಏಳುತ್ತಾರೆ. ವ್ಯಾಸರ ಕಥೆಯಲ್ಲಿ ಇಲ್ಲದ ಈ ಹುಡುಗನನ್ನು ಕನ್ನಡದವರು ಇಷ್ಟು ಹಚ್ಚಿಕೊಂಡದ್ದು ಯಾಕೆ ಅಂತ ನನಗೆ ಈಗ ತಿಳಿಯಿತು. ಕರ್ಣನಿಗೆ ಸಿಗದೆ ಹೋದ ತಮ್ಮಂದಿರ ಮನೆ ಅವನ ಮಗನಿಗಾದರೂ ಸಿಗಲಿ ಅಂತ ನಮಗೆ ಅನ್ನಿಸಿತು.

ಚೆಂಡೆಮದ್ದಳೆ:

ಹೌದಕ್ಕ. ಅರ್ಜುನನನ್ನೇ ನಾಯಕ ಮಾಡಿ ಬರೆದ ಪಂಪನೂ 941ರಲ್ಲೇ ಭಾರತದಲ್ಲಿ ಒಬ್ಬನನ್ನು ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಅಂದವನು. ಇಂದ್ರನ ಮಗನಿಗೆ ಗೆಲುವು ಕೊಟ್ಟು, ಸೂರ್ಯನ ಮಗನಿಗೆ ಮನಸ್ಸು ಕೊಡುವುದು ನಮ್ಮಲ್ಲಿ ಅಲ್ಲಿಂದಲೇ ಶುರು. ಮುಂದಿನ ಮಳೆಗಾಲದಲ್ಲಿ ನಮ್ಮ ಕಡೆ ಕರ್ಣಪರ್ವ ಇದ್ದರೆ ಆಕಾಶ ಭೂಮಿ ಎರಡು ಪಾಲಾದ ಆ ಭಾಗವನ್ನು ಅರ್ಥಕ್ಕೆ ತನ್ನಿ ಅಂತ ಹಿರಿಯರಲ್ಲಿ ಕೇಳಿಕೊಳ್ಳುತ್ತೇನೆ.